ಹಗ್ಗದ ಗುಂಡಿಗೆ ನಮ್ಮ ಮೇಜಿನ ನಿಯಮಗಳು

ಜನವರಿ ೯

ಅಪ್ಪನಿಗೆ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡಿ. ನನಗೆ ಬೇಕಾಗಿರುವುದು ನೀವಲ್ಲ, ನಿಮ್ಮ ವಿದ್ಯೆ. ಹೀಗೆಂದರೆ ಮುಂದೆ ಓದುತ್ತೀರಿ ಎಂದು ನನಗೆ ಗೊತ್ತು.

ನ್ಯಾಯಾಲಯದಲ್ಲಿ ನನ್ನ ಶೀಘ್ರಲಿಪಿಯ ಕೆಲಸ ಕಾಯಂ ಆಯಿತು. ದಿನವಿಡೀ ಸಾಕ್ಷಿಗಳು ಆಡಿದ್ದನ್ನು ಬರೆದುಕೊಂಡು, ಸಂಜೆ ಟೈಪು ಮಾಡಿ, ಕೆಳಗೆ ಸಹಿ ಹಾಕಿಸುವುದು. ಭಾನುವಾರ ಮಧ್ಯಾಹ್ನ ನನ್ನ ಕೋಣೆಯಲ್ಲಿ ನಾಲ್ಕು ಜನ ಸೇರಿ ಒಂದು ಆಟ ಆಡುತ್ತೇವೆ. ಒಬ್ಬೊಬ್ಬರೂ ಒಬ್ಬ ಕಲ್ಪನೆಯ ಮನುಷ್ಯನನ್ನು ಕಟ್ಟಿಕೊಂಡಿರುತ್ತಾರೆ. ನಾನು ಸೂತ್ರಧಾರಿ. ಎದುರಿಗೆ ಕೋಟೆ ಇದೆ, ಬಾಗಿಲಲ್ಲಿ ಮೂವರು ಕಾವಲುಗಾರರಿದ್ದಾರೆ ಎಂದು ಹೇಳುತ್ತೇನೆ. ಅವರು ತಮ್ಮವನು ಏನು ಮಾಡುತ್ತಾನೆಂದು ಹೇಳುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಔಷಧಿ ಅಂಗಡಿಯ ಅಕ್ಕ, ಬಸ್ ಡಿಪೋದ ಗುಮಾಸ್ತರು, ನಮ್ಮ ನ್ಯಾಯಾಲಯದ ದಾಖಲೆ ಕೋಣೆಯವರೊಬ್ಬರು, ನಾನು. ಇಷ್ಟೇ ಜನ.

ದಾಖಲೆ ಕೋಣೆಯವರು ತಮ್ಮ ಯೋಧನ ಕೈಗೆ ಹಗ್ಗದ ಗುಂಡು ಕೊಟ್ಟಿದ್ದಾರೆ. ಆಟದ ಪುಸ್ತಕದಲ್ಲಿ ಕತ್ತಿ, ಕೊಡಲಿ, ಬಿಲ್ಲು ಎಲ್ಲಕ್ಕೂ ನಿಯಮಗಳಿವೆ. ಹಗ್ಗದ ತುದಿಗೆ ಕಬ್ಬಿಣದ ಗುಂಡು ಕಟ್ಟಿ ಬೀಸುವ ಆಯುಧದ ಹೆಸರೇ ಇಲ್ಲ. ಅಂಥಾ ಕಡೆ ಪ್ರತಿ ಮೇಜಿನವರೂ ತಮ್ಮದೇ ನಿಯಮ ಬರೆದುಕೊಳ್ಳಬಹುದು. ಬರೆಯುವುದಾದರೆ ಸರಿಯಾಗಿ ಬರೆಯೋಣ ಎಂದು ಎಲ್ಲರೂ ಅಂದರು. ಅದನ್ನು ನಲವತ್ತು ವರ್ಷ ಬೀಸಿದವರು ನನಗೆ ಗೊತ್ತಿರುವುದು ಒಬ್ಬರೇ.

ಇಂತಿ,
ಮಗಳು

ಜನವರಿ ೨೦

ಮಗಳಿಗೆ,

ಹರಿಯಲಿಲ್ಲ. ಒಲೆ ಹಚ್ಚೋಕೆ ಆಗುತ್ತದೆಂದು ಇಟ್ಟಿದ್ದೆ. ಕಡ್ಡಿಪೆಟ್ಟಿಗೆ ಒದ್ದೆಯಾಗಿತ್ತು, ಅದಕ್ಕೆ ಓದಿದೆ.

ಇಪ್ಪತ್ನಾಲ್ಕು ವರ್ಷದ ಹೆಣ್ಣು ಕುರ್ಚಿ ಮೇಲೆ ಕೂತು "ನಾನು ಬೀಸಿದೆ, ಅವನು ಸತ್ತ" ಎನ್ನುವುದು. ಕೈಲಾಗದವರಿಗೆ ಬಾಯಿ ಜಾಸ್ತಿ. ನಿನ್ನ ಮಣಿಕಟ್ಟು ಬೆಂಡು ಎಂದು ನೀನು ಎಂಟು ವರ್ಷದವಳಿದ್ದಾಗಲೇ ಹೇಳಿದ್ದೆ. ಈಗ ಆ ಬೆಂಡು ಮಣಿಕಟ್ಟಿಗೆ ಒಂದು ದಾಳ ಸಿಕ್ಕಿದೆ. ಸಂತೋಷ.

ಆದರೂ ತಪ್ಪು ನಿಯಮ ಬರೆದು ನನ್ನ ವಿದ್ಯೆಯ ಮಾನ ಕಳೆಯಬೇಡ. ಬರೆದುಕೋ. ಮೊದಲ ಸುತ್ತಿನಲ್ಲಿ ಯಾರಿಗೂ ಏಟು ಬೀಳುವುದಿಲ್ಲ. ಮೊದಲ ಸುತ್ತು ಬರೀ ತಿರುಗಿಸುವುದು, ಗುಂಡಿಗೆ ಜೀವ ಬರಬೇಕು. ಎದುರಾಳಿ ತೀರ ಹತ್ತಿರ ಬಂದು ಮೈಮೇಲೆ ಬಿದ್ದರೆ ಗುಂಡು ಬರೀ ಹೆಣಭಾರ, ಏನೂ ಪ್ರಯೋಜನವಿಲ್ಲ. ಆರು ಮಾರು ದೂರದಲ್ಲಿದ್ದರೆ ಕತ್ತಿಯವನು ನಿನ್ನ ನೆರಳನ್ನೂ ಮುಟ್ಟಲಾರ. ಓಣಿಯಲ್ಲಿ, ಕಂಬಗಳ ನಡುವೆ, ತಗ್ಗು ಚಾವಣಿಯ ಕೆಳಗೆ ಹಗ್ಗ ಬಿಚ್ಚುವವನು ಮೂರ್ಖ.

ಮುಖ್ಯವಾದದ್ದು ಇನ್ನೊಂದಿದೆ. ತಪ್ಪಿದ ಕತ್ತಿ ಗಾಳಿ ಕಡಿದು ಸುಮ್ಮನಾಗುತ್ತದೆ. ತಪ್ಪಿದ ಗುಂಡು ವಾಪಸ್ಸು ಬರುತ್ತದೆ. ಎಷ್ಟು ಜೋರಾಗಿ ಕಳಿಸಿದ್ದೆಯೋ ಅಷ್ಟೇ ಜೋರಾಗಿ ಬರುತ್ತದೆ. ಅದಕ್ಕೊಂದು ನಿಯಮವಿಲ್ಲದಿದ್ದರೆ ಅದು ಹಗ್ಗದ ಗುಂಡಲ್ಲ, ಮಕ್ಕಳ ಬುಗುರಿ.

ಅಪ್ಪ

ಫೆಬ್ರವರಿ ೧೬

ಅಪ್ಪನಿಗೆ,

ನೀವು ಹೇಳಿದ್ದನ್ನೆಲ್ಲ ನಿಯಮ ಮಾಡಿದೆವು. ದಾಳದಲ್ಲಿ ಒಂದು ಬಿದ್ದರೆ ಬೀಸಿದವನೇ ಎರಡನೇ ಸಲ ದಾಳ ಎಸೆಯಬೇಕು. ಹತ್ತಕ್ಕಿಂತ ಕಡಿಮೆ ಬಂದರೆ ಗುಂಡು ಅವನಿಗೇ. ಹೋದ ವಾರ ದಾಖಲೆ ಕೋಣೆಯವರ ಯೋಧ ತನ್ನ ಗುಂಡಿನಿಂದ ತನ್ನದೇ ಮಂಡಿ ಒಡೆದುಕೊಂಡ. ಡಿಪೋ ಗುಮಾಸ್ತರು ಕುರ್ಚಿಯಿಂದ ಬೀಳುವ ಹಾಗೆ ನಕ್ಕರು. "ಇದನ್ನ ಹೇಳ್ಕೊಟ್ಟೋರು ಪುಸ್ತಕ ಓದಿದೋರಲ್ಲ ಕಣ್ರೀ, ಪೆಟ್ಟು ತಿಂದೋರು," ಅಂದರು. ನಿಮಗೆ ತಿಳಿಸಬೇಕೆನ್ನಿಸಿತು.

ಒಂದು ವಿಷಯಕ್ಕೆ ಜಗಳ ಬಿದ್ದಿದೆ. ಬೀಸುವವನ ಹತ್ತಿರ ಅವನ ಕಡೆಯವನೇ ಒಬ್ಬ ನಿಂತಿದ್ದರೆ? ಗುಂಡು ಅವನಿಗೆ ತಗಲುವ ಸಾಧ್ಯತೆ ಎಷ್ಟು? ದಾಳ ಯಾರು ಎಸೆಯಬೇಕು, ಬೀಸಿದವನೋ ನಿಂತವನೋ? ನಿಂತವನು ಎಸೆಯಬೇಕು ಎಂದು ಅಕ್ಕ ಹೇಳುತ್ತಾರೆ, ತಪ್ಪಿಸಿಕೊಳ್ಳುವ ಹೊಣೆ ಅವನದಂತೆ. ನೀವು ಏನಂತೀರಿ?

ಇಂತಿ,
ಮಗಳು

ಮಾರ್ಚ್ ೨

ಮಗಳಿಗೆ,

ಅಕ್ಕ ಯಾರೋ ಬುದ್ಧಿವಂತೆ. ನಿಂತವನೇ ಎಸೆಯಬೇಕು. ಗುಂಡಿಗೆ ಅದರ ದಾರಿ ಇದೆ. ಆ ದಾರಿಗೆ ತಲೆ ಕೊಟ್ಟವನು ಕೊಟ್ಟ.

ನೀನು ಯಾಕೆ ಕೇಳುತ್ತಿದ್ದೀಯೆಂದು ನನಗೆ ತಿಳಿಯದೆ ಇಲ್ಲ. ಗೂಟನ ನೆನಪು ಕಾಡುತ್ತಿದೆಯೋ? ಆ ಹುಡುಗನಿಗೆ ಇದ್ದದ್ದು ಒಂದೇ ಒಂದು ವಿದ್ಯೆ, ನಿಲ್ಲುವುದು. ಬೀಸಲು ಬಾರದು, ಜಿಗಿಯಲು ಬಾರದು. ಕಿವಿಗೆ ಒಂದು ಗೇಣು ದೂರದಲ್ಲಿ ಕುಡಿಕೆ ಇಟ್ಟು ಗುಂಡಿನಿಂದ ಒಡೆದರೆ ರೆಪ್ಪೆ ಮಿಟುಕಿಸುತ್ತಿರಲಿಲ್ಲ. ಅದಕ್ಕೇ ಗೂಟ ಎಂದು ನಾನೇ ಹೆಸರಿಟ್ಟೆ. ಹತ್ತೊಂಬತ್ತು ವರ್ಷಕ್ಕೆ ಗೂಟಕ್ಕೆ ಕಾಲು ಬಂತು. ಎಡಗಣ್ಣು ಹೋಯಿತು, ಕೆನ್ನೆಯ ಮೂಳೆ ಹೋಯಿತು, ಅಗ್ನಿಶಾಮಕ ದಳಕ್ಕೆ ಸೇರಬೇಕಿದ್ದವನು ಎಲ್ಲೋ ಕಾಗದ ಜೋಡಿಸುತ್ತಿದ್ದಾನಂತೆ. ಅಲ್ಲಾಡುವ ಗೂಟಕ್ಕೆ ಯಾರೂ ಹಸು ಕಟ್ಟುವುದಿಲ್ಲ. ಈಗಲೂ ನನ್ನ ಶಾಲೆಗೆ ಗುಂಡು ಬೀಸಲು ಕಲಿಯಲು ಬರುವ ಹೊಸ ಹುಡುಗರಿಗೆ ಮೊದಲ ದಿನ ಅವನ ಕಥೆಯನ್ನೇ ಹೇಳುತ್ತೇನೆ. ಅಲ್ಲಾಡಿದರೆ ಏನಾಗುತ್ತದೆಂದು ತಿಳಿದಿರಲಿ ಅಂತ.

ನಿನ್ನ ನಿಯಮದಲ್ಲಿ ಅದನ್ನೂ ಸೇರಿಸು. ನಿಂತವನು ದಾಳದಲ್ಲಿ ಒಂದು ಎಸೆದರೆ, ಅವನು ಹೆದರಿ ಅಲ್ಲಾಡಿದ.

ಅಪ್ಪ

ಏಪ್ರಿಲ್ ೧೧

ಅಪ್ಪನಿಗೆ,

ಸೇರಿಸಿದೆ. ನಿಮ್ಮ ಪತ್ರವನ್ನು ಮೇಜಿನಲ್ಲಿ ಓದಿ ಹೇಳಿದ ಮೇಲೆಯೇ ಸೇರಿಸಿದೆ. ಯಾರೂ ವಾದಿಸಲಿಲ್ಲ.

ಇನ್ನೊಂದೇ ಪ್ರಶ್ನೆ ಉಳಿದಿದೆ. ಒಂದು ಕಿಲೋ ಗುಂಡಿನ ಬದಲು ಎರಡು ಕಿಲೋದ್ದು ಕಟ್ಟಿದರೆ ಏಟು ಇಮ್ಮಡಿ ಆಗಬೇಕಲ್ಲ, ಹಾಗಿದ್ದ ಮೇಲೆ ಎಲ್ಲರೂ ದೊಡ್ಡದನ್ನೇ ಯಾಕೆ ಕಟ್ಟುವುದಿಲ್ಲ ಎಂದು ಡಿಪೋ ಗುಮಾಸ್ತರು ಕೇಳುತ್ತಾರೆ. ಗಂಟು ತಡೆಯುವುದಿಲ್ಲ, ಬಿಚ್ಚಿಹೋಗುತ್ತದೆ ಎಂದು ನಾನೆಂದೆ. ನಿಮ್ಮ ಗಂಟುಗಳನ್ನು ನೆನೆಸಿಕೊಂಡೇ ಹಾಗೆಂದೆ. ಭಾರ ಹೆಚ್ಚಿಸಿದವನ ದಾಳದಲ್ಲಿ ಐದಕ್ಕಿಂತ ಕಡಿಮೆ ಬಿದ್ದರೆ ಗಂಟು ಬಿಚ್ಚಿತು ಎಂದು ಬರೆಯಲೇ?

ಇಂತಿ,
ಮಗಳು

ಏಪ್ರಿಲ್ ೧೯

ಮಗಳಿಗೆ,

ಗಂಟಿನ ಮಾತು ಎತ್ತಬೇಡ. ನನ್ನ ಗಂಟು ಒಂದು ದಿನವೂ ಬಿಚ್ಚಿಲ್ಲ. ಬೇಕಾದರೆ ನಾನು ಸತ್ತ ಮೇಲೆ ಅದರಲ್ಲೇ ನನ್ನನ್ನು ಕಟ್ಟಿ ಸಾಗಿಸಿ.

ಭಾರ ಹೆಚ್ಚಾದರೆ ಬಿಡುವುದು ಗಂಟಲ್ಲ, ಬಳೆ. ಗುಂಡಿಗೂ ಹಗ್ಗಕ್ಕೂ ನಡುವೆ ಒಂದು ಕಬ್ಬಿಣದ ಬಳೆ ಇರುತ್ತದೆ. ಒಂದು ಕಿಲೋಗೆ ಬೆಸುಗೆಯಿಲ್ಲದ ಬಳೆ ಸಾಕು, ತುದಿಗೆ ತುದಿ ಬಗ್ಗಿಸಿ ಮುಚ್ಚಿದರೆ ಆಯಿತು. ಎರಡು ಕಿಲೋ ಕಟ್ಟಿದರೆ ಐದನೆಯ ಬೀಸಿಗೋ ಆರನೆಯದಕ್ಕೋ ಆ ಬಾಯಿ ತೆರೆದುಕೊಳ್ಳುತ್ತದೆ. ಆಮೇಲೆ ಗುಂಡಿಗೆ ಹಗ್ಗದ ಹಂಗಿಲ್ಲ. ನೀನು ಕುಡಿಕೆಗೆ ಗುರಿಯಿಟ್ಟಿದ್ದರೆ ಅದು ಒಂದು ಗೇಣು ಆಚೆ ಹೋಗುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ವಾರ್ಷಿಕ ಪ್ರದರ್ಶನಕ್ಕೆ ಸದ್ದು ಜೋರಾಗಿ ಬರಲೆಂದು ಆ ಮಧ್ಯಾಹ್ನದ ತಾಲೀಮಿನಲ್ಲಿ ನಾನು ಎರಡು ಕಿಲೋದ್ದು ಕಟ್ಟಿದ್ದೆ. ಬಳೆ ಹಳೆಯದೇ ಇತ್ತು. ನಿನಗೆ ಗೊತ್ತಿಲ್ಲದ್ದೇನಲ್ಲ. ಗೂಟ ಕಲ್ಲಿನ ಹಾಗೆ ನಿಂತಿದ್ದ, ಪಾಪ. ಆದರೆ ಬಳೆ ತೆರೆದುಕೊಂಡಿತೆಂದು ಊರಿಗೆ ಹೇಳಿದ್ದರೆ ಶಾಲೆ ಅವತ್ತೇ ಮುಚ್ಚುತ್ತಿತ್ತು. ಅವನು ಅಲ್ಲಾಡಿದ ಎಂದರೆ ಮುಚ್ಚುವುದು ಅವನ ಬಾಯಿ ಮಾತ್ರ. ಯಾವುದು ಲೇಸು ನೀನೇ ಹೇಳು.

ಆದ್ದರಿಂದ ಬಳೆಗೆ ನಿಯಮ ಬರೆ. ಗಂಟಿಗೆ ಬೇಡ.

ಅಪ್ಪ

ಮೇ ೫

ಅಪ್ಪನಿಗೆ,

ದಾಖಲೆ ಕೋಣೆಯವರು ಯಾರೆಂದು ನೀವು ಒಮ್ಮೆಯೂ ಕೇಳಲಿಲ್ಲ. ಗೂಟ.

ಹದಿನಾಲ್ಕು ತಿಂಗಳಿಂದ ಪ್ರತಿ ಭಾನುವಾರ ನನ್ನ ಎದುರಿಗೇ ಕೂರುತ್ತಾನೆ. ಮೊದಲ ದಿನ ಕಡತದ ಕಟ್ಟಿನ ಹಿಂದಿನಿಂದ ಅರ್ಧ ಮುಖ ಕಂಡಿತು, ಚೆನ್ನಾಗಿರುವ ಅರ್ಧ. "ಪುಟ್ಟೀ ಅಲ್ವಾ ನೀನು?" ಅಂದ. ಶಾಲೆಯಲ್ಲಿ ಕರೆಯುತ್ತಿದ್ದ ಹಾಗೆಯೇ. ಹಗ್ಗದ ಗುಂಡೇ ಬೇಕು ಎಂದು ಹಟ ಹಿಡಿದವನು ಅವನು. ನಿಮ್ಮನ್ನು ಕೇಳೋಣ ಎಂದವಳು ನಾನು. "ಮೇಷ್ಟ್ರಿಗೆ ನನ್ನ ಹೆಸರು ಹೇಳ್ಬೇಡ, ಬೇಜಾರು ಮಾಡ್ಕೋತಾರೆ," ಅಂದ. ಹನ್ನೊಂದು ವರ್ಷ ಆದಮೇಲೂ ಅವನಿಗೆ ನಿಮ್ಮ ಬೇಜಾರಿನ ಚಿಂತೆ.

ನಿಮ್ಮ ಎಲ್ಲ ಪತ್ರಗಳನ್ನೂ ಮೇಜಿನಲ್ಲಿ ಓದಿದ್ದೇನೆ. ಗೂಟಕ್ಕೆ ಕಾಲು ಬಂತು ಎಂಬುದನ್ನೂ, ಹಸು ಕಟ್ಟುವುದಿಲ್ಲ ಎಂಬುದನ್ನೂ. ಕೋರ್ಟಿನಲ್ಲಿ ಹೇಳಿಕೆ ಓದಿ ಹೇಳುವ ಧ್ವನಿಯಲ್ಲಿ ಓದಿದೆ, ಎಲ್ಲೂ ತಡವರಿಸಲಿಲ್ಲ. ಅವನು ತಲೆ ತಗ್ಗಿಸಿ, "ಸರಿಯಾಗೇ ಬರ್ದಿದಾರೆ," ಅಂದ. ಅವನ ತಾಯಿ ಆಸ್ಪತ್ರೆಯಲ್ಲಿ ಪ್ರಾಣ ಬಿಡುವಾಗ ಕೂಡ "ಒಂದು ಗಳಿಗೆ ಸುಮ್ನೆ ನಿಲ್ಲೋಕೆ ಆಗ್ಲಿಲ್ವೇನೋ" ಅಂದಿದ್ದರಂತೆ.

ಏಪ್ರಿಲ್ ಪತ್ರವನ್ನು ಎರಡು ಸಲ ಓದಿಸಿದ.

"ಅಂದ್ರೆ ನಾನು ಅಲ್ಲಾಡಿರ್ಲಿಲ್ಲ," ಅಂದ.

"ಇಲ್ಲ," ಅಂದೆ.

ಎದ್ದುಹೋಗಿ ಗೋಡೆಯ ಪಕ್ಕ ನಿಂತ. ಚಹಾ ಆರಿತು. ಅಕ್ಕ ಅಳತೊಡಗಿದರು. ಒಂದು ಗಂಟೆ ಹಾಗೇ ನಿಂತಿದ್ದ, ರೆಪ್ಪೆ ಕೂಡ ಮಿಟುಕಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನೋಡಿದ್ಯಾ?" ಅಂದ, ಪರೀಕ್ಷೆ ಪಾಸಾದ ಹುಡುಗನ ಹಾಗೆ.

ನಿಮ್ಮಿಂದ ಇದನ್ನು ಬರೆಸಿಕೊಳ್ಳಲೇಬೇಕೆಂದು ಪಣ ತೊಟ್ಟಿದ್ದೆ. ಗಂಟನ್ನು ಕೆಣಕಿದರೆ ನಿಮ್ಮ ಬಾಯಿ ಬಿಚ್ಚುತ್ತದೆಂದು ಗೊತ್ತಿತ್ತು. ಮೊನ್ನೆ ಆ ಪತ್ರವನ್ನು ಟೈಪು ಮಾಡಿ, ನಿಮ್ಮ ಶಾಲೆಯ ಹುಡುಗರ ತಂದೆತಾಯಿಗೆಲ್ಲ ಒಂದೊಂದು ನಕಲು ಅಂಚೆಗೆ ಹಾಕಿದೆ. ಇನ್ನು ಹೊಸ ಹುಡುಗರಿಗೆ ಮೊದಲ ದಿನ ಯಾವ ಕಥೆ ಹೇಳುತ್ತೀರೋ ಯೋಚನೆ ಮಾಡಿ.

ಮಗಳು

ಮೇ ೧೨

ಗೂಟನಿಗೆ,

ನಿನ್ನ ಕಣ್ಣಿಗಾಗಿ ನಾನು ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕಣ್ಣು ಬರುವುದಿಲ್ಲ, ನನಗೂ ಆ ಅಭ್ಯಾಸವಿಲ್ಲ. ನೀನು ಅಲ್ಲಾಡಿರಲಿಲ್ಲ. ಇದನ್ನು ಟೈಪಿನಲ್ಲಲ್ಲ, ನನ್ನ ಕೈಯಲ್ಲೇ ಬರೆದು ಕೊಡುತ್ತಿದ್ದೇನೆ, ಇಟ್ಟುಕೋ.

ನಿನ್ನ ಸೂತ್ರಧಾರಿಣಿ ನಿನಗೆ ಓದಿದ ಪತ್ರದ ಮೂಲ ಅವಳ ಬಳಿ ಇದೆ. ಅದನ್ನು ಕೇಳಿ ಪಡೆದು ನಿನ್ನ ಕಣ್ಣಿನಿಂದಲೇ ಓದು. ಊರಿಗೆ ಕಳಿಸಿದ ನಕಲೊಂದನ್ನು ಯಾರೋ ನನ್ನ ಮುಖಕ್ಕೆ ಎಸೆದು ಹೋದರು. ಅದರಲ್ಲಿ ಒಂದು ಸಾಲು ಇಲ್ಲ. ಬಳೆ ಹಳೆಯದೇ ಇತ್ತು ಎಂದು ಬರೆದ ಮೇಲೆ ನಾನು ಬರೆದದ್ದು, "ನಿನಗೆ ಗೊತ್ತಿಲ್ಲದ್ದೇನಲ್ಲ." ಮೇಜಿನಲ್ಲಿ ಅದನ್ನು ಓದಿದಳೇ?

ಆ ಮಧ್ಯಾಹ್ನ ಅಲ್ಲಿದ್ದವರು ಮೂವರು. ನೀನು ನೆಲದಲ್ಲಿದ್ದೆ, ಪ್ರಜ್ಞೆ ಇರಲಿಲ್ಲ. ಬಾಯಿ ತೆರೆದ ಬಳೆಯನ್ನು ಹೆಕ್ಕಿ ತಂದು ನನ್ನ ಅಂಗೈಗೆ ಇಟ್ಟವಳು ಅವಳು. ವಿಚಾರಣೆಗೆ ಬಂದವರು ಏನಾಯಿತೆಂದು ಕೇಳಿದಾಗ ನಾನು ಇನ್ನೂ ಏನು ಹೇಳುವುದೆಂದು ಯೋಚಿಸುತ್ತಿದ್ದೆ. "ಅವನು ಅಲ್ಲಾಡಿದ" ಎಂದು ಮೊದಲು ಹೇಳಿದವಳು ಅವಳೇ. ನಾನು ಹೌದು ಎಂದೆ, ಅಷ್ಟೇ.

ನಾನು ನಿನಗೆ ಸುಳ್ಳು ಹೇಳಿ ದೂರವೇ ಉಳಿದೆ. ಅವಳು ನಿನ್ನನ್ನು ಮನೆಗೆ ಕರೆದು ಕೂರಿಸಿಕೊಂಡು ಆಡಿಸಿದಳು.

ಮೇಷ್ಟ್ರು

ಜೂನ್ ೧

ಅಪ್ಪನಿಗೆ,

ನಿಮ್ಮ ಗುಂಡು ತಲುಪಬೇಕಾದ ಕಡೆ ತಲುಪಿತು. ಹೇಗೆ ತಗಲಿತೆಂದು ತಿಳಿಯಲು ಕಾದಿರುತ್ತೀರಿ. ಹೇಳುತ್ತೇನೆ.

ಭಾನುವಾರ ಅವನು ಹೊತ್ತಿಗೆ ಸರಿಯಾಗಿ ಬಂದ. ಚಪ್ಪಲಿ ಬಿಡಲಿಲ್ಲ. "ಮೇಷ್ಟ್ರ ಪತ್ರ ಕೊಡು, ಏಪ್ರಿಲ್‌ದು," ಅಂದ. ಅಕ್ಕ, ಗುಮಾಸ್ತರು ಆಗಲೇ ಕೂತಿದ್ದರು. ಪತ್ರ ಕಳೆದುಹೋಗಿದೆ ಎಂದು ಹೇಳಬಹುದಿತ್ತು. ನಾಲಿಗೆ ತುದಿವರೆಗೂ ಬಂದಿತ್ತು. ಆದರೆ ಪೆಟ್ಟಿಗೆ ತೆರೆದು ಕೊಟ್ಟೆ. ಕಿಟಕಿಗೆ ಹೋಗಿ ಕಾಗದವನ್ನು ಬಲಗಣ್ಣಿಗೆ ಹತ್ತಿರ ಹಿಡಿದು ನಿಧಾನವಾಗಿ ಓದಿದ. ಒಂದು ಕಡೆ ಬೆರಳಿಟ್ಟ.

"ಇದನ್ನ ಓದ್ಲಿಲ್ಲ ನೀನು."

"ಇಲ್ಲ."

"ಎರಡು ಸಲ ಓದ್ಸಿದ್ನಲ್ಲ."

"ಎರಡು ಸಲಾನೂ ಬಿಟ್ಟೆ."

"ಬಳೆ ಎಲ್ಲಿ ಬಿದ್ದಿತ್ತು, ಪುಟ್ಟಿ?"

"ಗೋಡೆ ಹತ್ರ."

"ಯಾವ ಗೋಡೆ?"

"ನೀರಿನ ಹಂಡೆ ಇತ್ತಲ್ಲ, ಆ ಕಡೆ."

ಕಡತದ ಸಂಖ್ಯೆ ತಾಳೆ ನೋಡುವವನ ಹಾಗೆ ತಲೆಯಾಡಿಸಿದ. ಕೂಗಾಡಲಿಲ್ಲ. ಕೂಗಾಡುತ್ತಾನೆ ಎಂದು ನಾನು ಕಾದೆ. ಕಾಗದವನ್ನು ಮೊದಲಿದ್ದ ಮಡಿಕೆಗೇ ಮಡಿಸಿ ಮೇಜಿನ ಮೇಲಿಟ್ಟು ಹೊರಟುಹೋದ. ಡಿಪೋ ಗುಮಾಸ್ತರು ಅವನ ಹಿಂದೆಯೇ ಇಳಿದರು. ಅಕ್ಕ ಕುಡಿಯದ ಲೋಟಗಳನ್ನೆಲ್ಲ ತೊಳೆದು ಮಗುಚಿಟ್ಟರು. ಹೊರಡುವಾಗ "ಬರ್ತೀನಿ" ಎನ್ನಲಿಲ್ಲ.

ನೀವು ಬರೆದದ್ದರಲ್ಲಿ ಸುಳ್ಳಿಲ್ಲ. ನೀವು ಬಾಯಿ ತೆರೆಯುವ ಮೊದಲೇ ನಾನು ಹೇಳಿದ್ದೆ. ಯಾಕೆಂದರೆ ನಿಮ್ಮ ಮುಖ ನೋಡಿದೆ. ಮುಂದಿನ ಕ್ಷಣ ನೀವು ಹೇಳುವ ಹೆಸರು ನನ್ನದೇ ಎನ್ನಿಸಿತು. ಬೀಸುವ ಮೊದಲು ಹಗ್ಗ, ಬಳೆ ಒರೆಸಿ ನೋಡುವ ಕೆಲಸ ನನ್ನದಾಗಿತ್ತಲ್ಲವೇ. ಹದಿಮೂರು ವರ್ಷದವಳಿಗೆ ಅಷ್ಟು ಬುದ್ಧಿ ಎಲ್ಲಿಂದ ಬಂತೆಂದು ಯೋಚಿಸಿದರೆ, ನಿಮ್ಮ ಮನೆಯಲ್ಲಿ ಬೆಳೆದವರಿಗೆ ಅದು ಬೇಗ ಬರುತ್ತದೆ.

ಅವನಿಗೆ ಹೇಳಬೇಕೆಂದೇ ಮೇಜಿಗೆ ಕರೆದಿದ್ದೆ. ಮೊದಲ ಭಾನುವಾರ ಹೇಳೋಣ ಎಂದುಕೊಂಡೆ. ಅವತ್ತು ಅವನು ಜೋರಾಗಿ ನಕ್ಕ. ಇನ್ನೊಂದು ವಾರ ಹೋಗಲಿ ಎಂದುಕೊಂಡೆ. ಹೀಗೆ ಹದಿನಾಲ್ಕು ತಿಂಗಳು ಹೋಯಿತು. ಕೊನೆಗೆ ಸತ್ಯವನ್ನು ನಿಮ್ಮ ಬಾಯಿಂದ ಹೇಳಿಸಿದರೆ ನನ್ನ ಪಾಲಿನದು ಅದರ ಅಡಿಯಲ್ಲೇ ಮುಚ್ಚಿಹೋಗುತ್ತದೆ ಎಂದುಕೊಂಡೆ.

ದಿನಾ ದಾಖಲೆ ಕೋಣೆಯ ಮುಂದೆ ಹಾದು ಹೋಗುತ್ತೇನೆ. ಬಾಗಿಲಿಗೆ ಬೆನ್ನು ಮಾಡಿ ಕೂರುವ ಹಾಗೆ ಮೇಜು ತಿರುಗಿಸಿಕೊಂಡಿದ್ದಾನೆ.

ಮಗಳು

ಜೂನ್ ೧೪

ಮಗಳಿಗೆ,

ಇಪ್ಪತ್ತಾರು ಹುಡುಗರಲ್ಲಿ ಆರು ಜನ ಉಳಿದಿದ್ದಾರೆ. ಅವರ ಮನೆಯವರಿಗೆ ಓದಲು ಬರುವುದಿಲ್ಲವೋ, ಓದಿಯೂ ಕಳಿಸುತ್ತಾರೋ ಗೊತ್ತಿಲ್ಲ. ಬೆಳಿಗ್ಗೆ ನಾನೇ ಕಸ ಗುಡಿಸುತ್ತೇನೆ.

ನಿನಗೆ ಅಲ್ಲಿ ಇನ್ನು ಯಾರಿದ್ದಾರೆ? ನಾಲ್ಕು ಕುರ್ಚಿಯಲ್ಲಿ ಮೂರು ಖಾಲಿ. ಗಾದೆಯಲ್ಲಿ ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ನಿನ್ನ ಅಮ್ಮ ಒಂದು ಸುಳ್ಳು ಹೇಳಲು ಹೋದರೆ ಮುಖ ಕೆಂಪಾಗುತ್ತಿತ್ತು. ನೀನು ನನ್ನಂತೆ. ಬಿಡಬೇಕಾದ ಸಾಲು ಯಾವುದೆಂದು ನಿನಗೆ ಚೆನ್ನಾಗಿ ಗೊತ್ತು. ನಿನ್ನ ಮೇಲೆ ನನಗೆ ಕೋಪವಿಲ್ಲ, ಬೆಂಡು ಮಣಿಕಟ್ಟಿನವಳು ಇಷ್ಟು ದೂರದಿಂದ ನನ್ನ ಶಾಲೆಯನ್ನು ಬೀಳಿಸಿದೆಯಲ್ಲ ಎಂದು ಒಂದು ಥರ ಹೆಮ್ಮೆಯೇ.

ಬಂದುಬಿಡು. ನಿನ್ನ ಕೋಣೆಯಲ್ಲಿ ಹಗ್ಗಗಳನ್ನು ಒಣಗಿಸಿದ್ದೇನೆ, ತೆಗೆಸುತ್ತೇನೆ. ನಮ್ಮಂಥವರಿಗೆ ನಾವೇ ಗತಿ.

ಅಪ್ಪ

ಜುಲೈ ೩

ಶೀಘ್ರಲಿಪಿ ವಿಭಾಗದ ಮೇಡಂ ಅವರಿಗೆ,

ನೀವು ನನ್ನ ಮೇಜಿನ ಮೇಲೆ ಬಿಟ್ಟುಹೋದ ನಾಲ್ಕು ಪತ್ರಗಳೂ ಸಿಕ್ಕಿವೆ. ಮೊದಲನೆಯದನ್ನು ಓದಿದೆ. ಉಳಿದವನ್ನು ಹಾಗೆಯೇ ವಾಪಸ್ಸು ಇಟ್ಟಿದ್ದೇನೆ. ಬೇರೆ ಊರಿನ ನ್ಯಾಯಾಲಯಕ್ಕೆ ವರ್ಗ ಕೇಳಿದ್ದೆ, ಮಂಜೂರಾಗಿದೆ. ಸೋಮವಾರ ಅಲ್ಲಿ ಹಾಜರಾಗಬೇಕು.

ಹದಿಮೂರು ವರ್ಷದ ಮಗು ಹೇಳಿದ ಮಾತನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ಮಗು ಅಪ್ಪನಿಗೆ ಹೆದರುತ್ತದೆ. ಮೇಷ್ಟ್ರ ಮೇಲೂ ಅಂಥಾ ಸಿಟ್ಟಿಲ್ಲ. ಅವರು ನನ್ನ ಕಣ್ಣು ತೆಗೆದದ್ದು ಒಂದೇ ಗಳಿಗೆಯಲ್ಲಿ, ಗುರಿಯಿಟ್ಟೂ ಅಲ್ಲ.

ಕಳೆದ ವರ್ಷ ಜ್ವರ ಬಂದು ನಾನು ಎರಡು ಭಾನುವಾರ ಬರಲಿಲ್ಲ. ನೀವು ಕೋಣೆಗೆ ಗಂಜಿ ತಂದುಕೊಟ್ಟಿರಿ. ಅವತ್ತು ನಾನು ನಿಮಗೆ ಒಂದು ಮಾತು ಹೇಳಿದೆ. ಹನ್ನೊಂದು ವರ್ಷದಿಂದ ಸ್ನಾನದ ಮನೆಯಲ್ಲಿ ಕನ್ನಡಿ ಮುಂದೆ ನಿಂತು, ಅಲ್ಲಾಡದೆ ಎಷ್ಟು ಹೊತ್ತು ಇರಬಲ್ಲೆ ಎಂದು ದಿನಾ ನೋಡಿಕೊಳ್ಳುತ್ತೇನೆ, ಅವತ್ತೊಂದು ದಿನ ಯಾಕೆ ಆಗಲಿಲ್ಲವೋ ತಿಳಿಯುತ್ತಿಲ್ಲ ಎಂದೆ. ಇದನ್ನು ನಾನು ಬೇರೆ ಯಾರಿಗೂ ಹೇಳಿರಲಿಲ್ಲ. ನೀವು ನನ್ನ ತಲೆ ಸವರಿ, "ಹೋಗ್ಲಿ ಬಿಡು, ಆಗಿದ್ದು ಆಯ್ತು," ಎಂದಿರಿ. ಆಗ ನೀವು ಮಗುವಾಗಿರಲಿಲ್ಲ.

ಕ್ಷಮೆ ಕೇಳಿದ್ದೀರಿ. ನನ್ನಲ್ಲಿಲ್ಲ. ಹುಡುಕಿ ನೋಡಿದೆ.

ಆಟದಲ್ಲಿರುವ ನನ್ನ ಮನುಷ್ಯನನ್ನು ಸಾಯಿಸಿಬಿಡಿ. ಅವನು ಕೋಟೆಯ ಬಾಗಿಲಲ್ಲಿ ನಿಂತೇ ಇದ್ದಾನೆ, ಕಾಯಿಸಬೇಡಿ. ನಾನಿಲ್ಲವೆಂದು ಸಂಕೋಚ ಬೇಡ, ದಾಳ ನೀವೇ ಎಸೆಯಿರಿ. ಎಷ್ಟು ಬಿದ್ದರೂ ಒಂದು ಎಂದೇ ಬರೆದುಕೊಳ್ಳಿ. ಬರೆದುಕೊಳ್ಳುವುದು ನಿಮಗೆ ಬರುತ್ತದೆ.

ಇಂತಿ,
ದಾಖಲೆ ಕೋಣೆಯ ಸಹಾಯಕ